ಒಬ್ಬರಿಗೆ ಒಂದೇ

ಭಾನುವಾರ ಚರ್ಚು ಮುಗಿಸಿ ಬಂದ ಅಮ್ಮ
ಕೋಟು ಕಳಚುವ ಮೊದಲೇ ಪತ್ರಿಕೆ ಬಿಚ್ಚುತ್ತಿದ್ದಳು.
ಯುದ್ಧ, ಚುನಾವಣೆ, ಸತ್ತವರ ಪಟ್ಟಿ ಅಪ್ಪನಿಗೆ;
ನಡುವಿನ ಬಣ್ಣದ ಹಾಳೆಗಳು ಅವಳಿಗೆ.
ಹೊಲಿಗೆ ಡಬ್ಬಿಯ ಕತ್ತರಿ
ಚುಕ್ಕಿಗೆರೆಯ ಮೇಲೆ ಹೊರಟಿತೆಂದರೆ
ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ.
ಸಾಬೂನಿಗೆ ಹದಿನೈದು ಸೆಂಟು, ಓಟ್ಸಿಗೆ ಇಪ್ಪತ್ತು,
ನಮಗಿಲ್ಲದ ಬೆಕ್ಕಿನ ಊಟಕ್ಕೆ ಮೂವತ್ತು.
ಅದನ್ನೂ ಕತ್ತರಿಸುವಳು:
ಮಹಡಿಯ ಪೆಟ್ರುಚೆಲ್ಲಿ ಅಜ್ಜಿಗೆ ಮೂರು ಬೆಕ್ಕು,
ಅವಳ ಬಿಸ್ಕತ್ತಿನ ಡಬ್ಬಿಯಲ್ಲಿ
ನಮಗೆ ಬೇಕಾದ ಕಾಫಿಯ ಚೀಟಿಗಳು.

ಈರಿ ಊರಿನ ಎಂಜಿನ್ ಕಾರ್ಖಾನೆ
ಅಪ್ಪನನ್ನು ಮನೆಗೆ ಕಳಿಸಿದ ಚಳಿಗಾಲ ಅದು.
ಸರೋವರದ ಕಡೆಯಿಂದ ಬಂದ ಹಿಮ
ಕಿಟಕಿಯ ಅರ್ಧಕ್ಕೆ ಏರಿ ಕೂತಿತ್ತು.
ದಿನಕ್ಕೆರಡು ಸಲ ಅಪ್ಪ ಅದನ್ನು ಗೋರುತ್ತಿದ್ದ,
ಯಾರೂ ಹೇಳದಿದ್ದರೂ,
ಪಾಳಿ ಹಿಡಿದವನ ಹಾಗೆ.
ಅಂಗಡಿಗೆ ಮಾತ್ರ ಬರುತ್ತಿರಲಿಲ್ಲ.
ಕಾಗದದ ಚೂರು ಹಿಡಿದು ನಿಲ್ಲುವ ಗಂಡಸು ತಾನಲ್ಲ
ಎಂದು ಒಮ್ಮೆ ಅಂದಿದ್ದ, ಬಾಗಿಲಿಗೆ ಮುಖ ಮಾಡಿ.

ಬುಧವಾರ ಕೂಪನ್ನಿಗೆ ದುಪ್ಪಟ್ಟು ಬೆಲೆ.
ಆದರೆ ಪ್ರತಿ ಚೀಟಿಯ ಬುಡದಲ್ಲಿ
ಇರುವೆ ಸಾಲಿನಂಥ ಅಕ್ಷರ:
ಒಬ್ಬರಿಗೆ ಒಂದೇ.
ಅಮ್ಮ ಅದನ್ನು ಎರಡು ಸಲ ಓದಿ
ತಲೆಯೆತ್ತಿ ನಮ್ಮನ್ನು ಎಣಿಸಿದಳು.

ಕಾರಿನಲ್ಲೇ ಪಾಠ:
"ಬಾಗಿಲು ದಾಟಿದ ಮೇಲೆ ನಾನು ನಿಮ್ಮಮ್ಮ ಅಲ್ಲ.
ಡೊಲೋರೆಸ್, ನೀನು ಮೂರನೇ ಸಾಲು.
ಕ್ಯಾಸಿಮಿರ್, ನೀನು ಐದನೆಯದು, ಮೂಗು ಒರೆಸಿಕೋ.
ಎರಡು ಡಾಲರು, ಒಂದು ಚೀಟಿ, ಒಂದು ಡಬ್ಬಿ ಕಾಫಿ.
ನಗಬೇಡಿ. ನನ್ನ ಕಡೆ ನೋಡಬೇಡಿ."
ಥೆಕ್ಲಾ ಇನ್ನೂ ಗಿರಾಕಿಯಾಗುವಷ್ಟು ಬೆಳೆದಿರಲಿಲ್ಲ;
ಹಾಗಾಗಿ ಗಾಡಿಯಲ್ಲಿ ಕೂತ ಅವಳೊಬ್ಬಳಿಗೆ
ಆ ಸಂಜೆ ಅಮ್ಮ ಇದ್ದಳು.

ನನಗೆ ಒಂಬತ್ತು.
ಕೈಗವಸಿನೊಳಗೆ ಚೀಟಿ ಬೆವೆತು ಮೆತ್ತಗಾಗಿತ್ತು.
ಪಕ್ಕದ ಸಾಲಿನಲ್ಲಿ ಅಮ್ಮನ ಬೆನ್ನು.
ಅಷ್ಟು ಹೊತ್ತು ಅದನ್ನು ನಾನೆಂದೂ ನೋಡಿರಲಿಲ್ಲ.
ಕೋಟಿನ ಎಡ ಭುಜದಲ್ಲಿ ಬೇರೆ ಬಣ್ಣದ ನೂಲು.
ಬೂಟಿನ ಹಿಮ್ಮಡಿ ಒಂದು ಕಡೆಗೇ ಸವೆದಿತ್ತು.
ಯಾರೋ ಹೆಂಗಸು, ದಣಿದವಳು,
ಅಂದುಕೊಂಡೆ, ಪಾಠದ ಪ್ರಕಾರ;
ಅಂದುಕೊಂಡದ್ದು ನಿಜವೆನಿಸಿ ಹೆದರಿದೆ.

ಗಲ್ಲಾದ ಹುಡುಗಿ ಚೀಟಿಯನ್ನು ಬೆಳಕಿಗೆ ಹಿಡಿದಳು,
ನನ್ನನ್ನು ನೋಡಿದಳು, ಆಚೆ ಸಾಲನ್ನು ನೋಡಿದಳು.
(ಒಂದೇ ಗದ್ದ ಇಬ್ಬರದೂ; ಈಗ ಕನ್ನಡಿ ಹೇಳುತ್ತದೆ.)
"ಅವರು ನಿನ್ನ ಅಮ್ಮನಾ, ಪುಟ್ಟಿ?"
"ಅಲ್ಲ" ಅಂದೆ.
ಕೇಳಿದ್ದು ಮೆಲ್ಲಗೆ, ಹೇಳಿದ್ದು ಜೋರಾಯಿತು.
ಐದನೇ ಸಾಲಿನಲ್ಲಿ ಕ್ಯಾಸಿಮಿರ್ ತಿರುಗಿದ.
ಅಮ್ಮ ತಿರುಗಲಿಲ್ಲ.
ನಾಣ್ಯ ಎಣಿಸುತ್ತಿದ್ದ ಬೆರಳು ಮಾತ್ರ
ಲೆಕ್ಕ ತಪ್ಪಿ
ಮತ್ತೆ ಮೊದಲಿಂದ ಶುರುಮಾಡಿತು.
ಹುಡುಗಿ ಏನೂ ಅನ್ನದೆ ಗುಂಡಿ ಒತ್ತಿದಳು.
ಎಂಬತ್ತು ಸೆಂಟು ಕಳೆಯಿತು.

ಕಾರಿನಲ್ಲಿ ಮೂರು ರಸೀತಿಗಳನ್ನು ತೊಡೆಯ ಮೇಲೆ ಹರಡಿ
ಅಮ್ಮ ಕೂಡಿದಳು, ಕಳೆದಳು:
ಉಳಿದದ್ದು ಹನ್ನೊಂದು ಡಾಲರು ಮೂವತ್ತು ಸೆಂಟು.
ಆಮೇಲೆ, ಕೀಲಿ ತಿರುಗಿಸದೆ,
"ಮೂರನೇ ಸಾಲಿನಲ್ಲಿ ಒಬ್ಬಳು ಹುಡುಗಿ ಇದ್ದಳಲ್ಲ,
ಕೆಂಪು ಟೋಪಿ. ಭಾರಿ ಜಾಣೆ. ಯಾರ ಮಗಳೋ" ಅಂದಳು.
ಕ್ಯಾಸಿಮಿರ್ ನಕ್ಕ. ಅವನನ್ನು ನೋಡಿ ಥೆಕ್ಲಾ ನಕ್ಕಳು.
ನಾನು ಬಾಯಿ ತೆರೆಯುವಷ್ಟರಲ್ಲಿ
ಚಕ್ರ ಹಿಮದಲ್ಲಿ ಜಾರಿ, ಹಿಡಿತ ಸಿಕ್ಕಿ,
ಕಾರು ಹೊರಟಿತು.

ಊಟದ ಹೊತ್ತಿಗೆ ಕ್ಯಾಸಿಮಿರ್
ಅಪ್ಪನಿಗೆ ಎಲ್ಲ ಹೇಳಿಬಿಟ್ಟ, ನನ್ನ "ಅಲ್ಲ" ಸಮೇತ.
ಅಪ್ಪ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿ
ಗೋರೆ ಹಿಡಿದು ಹೊರಗೆ ಹೋದ,
ಆ ದಿನಕ್ಕೆ ಮೂರನೇ ಸಲ.

ಮುಂದಿನ ಬುಧವಾರ
ಏಳನೇ ಸಾಲಿನಲ್ಲಿ ಗಂಡಸೊಬ್ಬ,
ಕಾರ್ಖಾನೆಯ ಟೋಪಿ, ಕ್ಷೌರ ಮಾಡಿದ ಕೆನ್ನೆ,
ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಚೀಟಿ,
ನಮ್ಮ ಯಾರ ಪರಿಚಯವೂ ಇಲ್ಲದವನ ಹಾಗೆ
ನೆಟ್ಟಗೆ ನಿಂತಿದ್ದ.