ಜಿಗಿ

ಮೈದಾ ನನ್ನ ಕಸುಬು.
ಕಾರಟಗಿಯೊಳಗ, ನಾಲ್ಕೂ ದಿಕ್ಕಿಗೆ ಅಕ್ಕಿ ಗಿರಣಿ ಹೊಗಿ ಉಗುಳೋ ಊರಾಗ,
ಇಪ್ಪತ್ತೆರಡು ವರ್ಷ ನಾನು ಗೋಧಿ ಮಾರೀನಿ.
ಬನ್ನು, ಖಾರಿ, ದಿಲ್‌ಪಸಂದ್, ಹಾಲಿನ ಬ್ರೆಡ್ಡು.
ಊರಿನ ಅರ್ಧ ಮಕ್ಕಳ ಹೆಸರು
ಕ್ರೀಮಿನಾಗ ನಾನೇ ಬರ್ದೀನಿ. ಕಾಗುಣಿತ ತಪ್ಪಿದ್ದೂ ಅದ:
ಶ್ರಾವಣಿ ಸ್ರಾವಣಿ ಆಗಿ, ಅವರಪ್ಪ ಹತ್ತು ರೂಪಾಯಿ ಹಿಡ್ಕೊಂಡ.

ಅಲ್ಫಿಯಾಗ ಏಳು ತುಂಬಿದ್ದು ಬಳ್ಳಾರಿ ದವಾಖಾನಿಯಾಗ.
ಹೊಟ್ಟಿ ಉಬ್ಬಿ, ಕೈಕಾಲು ನವಣಿ ದಂಟಿನಂಗ.
ಡಾಕ್ಟರಮ್ಮ ಚೀಟಿ ಬರೀತಾ ಕೇಳಿದಳು,
"ಏನು ಕೆಲಸ ಮಾಡ್ತೀರಿ?"
ಬೇಕರಿ, ಅಂದೆ.
ಪೆನ್ನು ನಿಂತಿತು.
ಗೋಧಿ ಬ್ಯಾಡ, ಮೈದಾ ಬ್ಯಾಡ, ರವಾ ಬ್ಯಾಡ,
ಅದರಾಗಿನ ಅಂಟು ಈ ಹುಡುಗಿ ಕರುಳಿಗೆ ಆಗೂದಿಲ್ಲ,
ಒಂದು ಚಿಟಿಕಿನೂ.
ಹಂಗಂದ್ರ ನಾನು? ಅಂತ ಕೇಳ್ಲಿಲ್ಲ.

ಅವತ್ತಿಂದ ಮನಿಗೆ ಹಿತ್ತಲ ಬಾಗಲಿಂದ ಬರ್ತೀನಿ.
ಅಂಗಿ ಬಕೆಟ್ಟಿಗೆ, ತಲಿಗೆ ನೀರು.
ಆಮ್ಯಾಲ ತಪಾಸಣಿ:
ಆಕಿ ಸ್ಟೂಲಿನ ಮ್ಯಾಲ ನಿಂತು ನನ್ನ ಹುಬ್ಬು ನೋಡ್ತಾಳ,
ಕಿವಿ ಮಡಚಿ ಹಿಂದ ನೋಡ್ತಾಳ,
ಉಗುರು ಒಂದೊಂದೇ.
"ಪಾಸ್" ಅಂದ ಮ್ಯಾಲೇ ಎತ್ಕೋಬೇಕು.
ಒಮ್ಮೊಮ್ಮೆ ಫೇಲಾಗೀನಿ.

ಒಂಬತ್ತನೇ ಹುಟ್ಟುಹಬ್ಬಕ್ಕ ಕೇಕು ಬ್ಯಾಡ ಅಂದಳು.
ಮೊಬೈಲಿನಾಗ ನೋಡಿದ್ದಳಂತ: ಹಳದಿ ಚೌಕ,
ಕೆಳಗ ಬಿಸ್ಕೀಟಿನ ಪದರ, ಮ್ಯಾಲ ನಿಂಬಿಹಣ್ಣು.
"ಲೆಮನ್ ಬಾರ್, ಅಬ್ಬಾ. ಹುಳಿ ಇರ್ಬೇಕು. ಸುಮ್ನ ಬಣ್ಣ ಅಲ್ಲ."
ಅಂಗಡ್ಯಾಗ ಬಣ್ಣದ ಡಬ್ಬಿ ಇದ್ದದ್ದು ಆಕಿಗೆ ಹೆಂಗ ಗೊತ್ತಾತೋ.

ಕಂತಿನ ಮ್ಯಾಲ ಸಣ್ಣ ಒಲಿಯೊಂದು ತಂದೆ, ಮನಿಗೇ,
ಮೈದಾ ಮುಖ ನೋಡಿರದ ತಾಟು, ಹೊಸಾ ಜರಡಿ.
ಅಕ್ಕಿಹಿಟ್ಟು, ಬೆಣ್ಣಿ, ಸಕ್ಕರಿ. ಕೈಗೆ ಗೊತ್ತಿದ್ದ ಲೆಕ್ಕ.
ತೆಗೆದರ, ಉಸುಕು.
ಎರಡನೇದೂ ಉಸುಕು. ಮೂರನೇದು
ಚಾಕು ಮುಟ್ಟೂಕಿಂತ ಮೊದಲೇ ಕುಸೀತು.
ಇಪ್ಪತ್ತೆರಡು ವರ್ಷ ಹಿಟ್ಟು ನನ್ನ ಮಾತು ಕೇಳ್ತದ ಅಂದ್ಕೊಂಡಿದ್ದೆ.
ಕೇಳ್ತಿದ್ದದ್ದು ಅಂಟು.

ಖಾನಾವಳಿ ಬಸ್ಲಿಂಗಮ್ಮ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿದಳು,
ದಿನಕ್ಕ ಮುನ್ನೂರು ಜ್ವಾಳದ ರೊಟ್ಟಿ ಬಡಿಯೋ ಕೈ.
"ಜಿಗಿ ಇಲ್ಲದ ಹಿಟ್ಟಿನ ಕೂಡ ತಣ್ಣಗ ಮಾತಾಡಿದ್ರ ಹೆಂಗಪಾ?
ಎಸರು ಇಡು. ಕುದಿಯೋ ನೀರೇ ಅದಕ್ಕ ಜಿಗಿ.
ಕೈ ಸುಡಬೇಕು ಒಂದೀಟು."
ಬಿಸ್ಕೀಟಿಗೆ ಎಸರೇನು, ಅಂತ ನಕ್ಕೆ.
ಆಕಿ ಹೋದ ಮ್ಯಾಲ ಮಾಡಿದೆ.
ಅಕ್ಕಿಹಿಟ್ಟು ಅರ್ಧ, ಆಕಿ ಬೀಸುಕಲ್ಲಿನ ಜ್ವಾಳದ್ದು ಅರ್ಧ,
ಮೂರು ಚಮಚ ಕುದಿನೀರು, ಆಮ್ಯಾಲ ಬೆಣ್ಣಿ.
ಮುಷ್ಟಿಯೊಳಗ ಹಿಡಿದೆ. ಬಿಟ್ಟೆ.
ಬೆರಳಿನ ಗುರ್ತು ಹಂಗೇ ನಿಂತಿತ್ತು.

ನಾಲ್ಕು ತತ್ತಿ, ಆರು ನಿಂಬಿ. ಸಿಪ್ಪಿ ಹೆರಿಯೋದು ಅಲ್ಫಿಯಾನ ಕೆಲಸ.
ಹಳದಿ ಅಷ್ಟೇ, ಬಿಳಿಗೆ ಹೋದ್ರ ಕಹಿ, ಅಂದೆ.
"ಬಿಳೀದು ಯಾವುದೂ ಆಗಿ ಬರೂದಿಲ್ಲ ನಮಗ," ಅಂದಳು,
ಮುದುಕಿ ಹಂಗ.
ಇಪ್ಪತ್ತನೇ ನಿಮಿಷಕ್ಕ ಕರೆಂಟು ಹೋತು.
ಕತ್ತಲಾಗ ಇಬ್ರೂ ಒಲಿ ಮುಂದ ಕುಂತಿವಿ,
ಬಾಗಲಾ ತೆಗೀಬ್ಯಾಡ, ಬಿಸಿ ಓಡ್ತದ, ಅಂತ ಒಬ್ಬರಿಗೊಬ್ಬರು ಹೇಳ್ಕೊಂತ.
ಒಳಗ ನಿಂಬಿ ವಾಸನಿ. ಹೊರಗಿಂದ ಗಿರಣಿ ತೌಡಿನ ವಾಸನಿ.

ನಡು ಒಂಚೂರು ಹಸಿ. ಅಂಚು ಕಂದು.
ಅಂಗಡ್ಯಾಗ ಇಡೂವಂಥದ್ದಲ್ಲ.
ಆಕಿ ಕಡಿದಳು. ಒಂದು ಕಣ್ಣು ತಾನೇ ಮುಚ್ಚಿತು.
ಇನ್ನೊಂದು ಕಡಿದಳು.
ಮೂರನೇ ಚೌಕಕ್ಕ ಕೈ ಹಾಕಿದಾಕಿ ತಟ್ಟನೆ ನನ್ನ ಮುಖ ನೋಡಿ
ಸ್ಟೂಲ್ ಎಳ್ಕೊಂಡಳು.

"ಹುಬ್ಬಿನ ಮ್ಯಾಲ ಬೆಳ್ಳಗದ."
ಎದಿ ಧಸಕ್ಕಂತು. ಒರಸಾಕ ಕೈ ಎತ್ತಿದೆ.
"ತಡಿ," ಅಂದಳು. ಬೆರಳು ಹಚ್ಚಿ ಮೂಸಿದಳು.
"ಇದು ನಂದು."
ಅಳಿಸ್ಲಿಲ್ಲ.