ಅಪ್ಪಿ ಯಾನೆ ಜಲಜಾಕ್ಷಿ

ಹಳೆಯಂಗಡಿಯಲ್ಲಿ ಬಸ್ಸು ಹತ್ತಿದರೆ
ಕಂಡಕ್ಟರು ಒಂದೇ ಸಮ ಕೂಗುತ್ತಾನೆ
ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್.
ಊರವರಿಗೆಲ್ಲ ಅದು ಬಸ್‌ಸ್ಟ್ಯಾಂಡಿನ ಹೆಸರು.
ನಾನೊಬ್ಬಳೇ ನಿಜವಾಗಿ ಬ್ಯಾಂಕಿಗೆ ಹೋಗುವವಳು
ಮೂರು ವರ್ಷದಿಂದ.

ಮೊದಲ ದಿನ ಕೌಂಟರಿನ ಹುಡುಗಿ ಕೇಳಿದಳು, ಗಂಡನ ಹೆಸರು?
ನಲವತ್ತೊಂದು ವರ್ಷ ಬಾಯಿಗೆ ತಾರದ ಹೆಸರು.
ಸೊಸೈಟಿಯಲ್ಲೂ ಮಗಳ ಕೈಲಿ ಹೇಳಿಸಿದ್ದು.
ನಂಬ್ರ ಹೇಳಲೇ ಎಂದೆ. ನಂಬ್ರ ನನಗೆ ಬಾಯಿಪಾಠ,
ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅವರೇ ಬರೆದದ್ದು,
ಈಗ ಅದರಲ್ಲಿ ಅಕ್ಕಿ ತುಂಬಿಸುತ್ತೇನೆ.
ಹೆಸರು ಬೇಕಮ್ಮ, ಎಂದಳು.
ಕಾಂತಪ್ಪ, ಎಂದೆ, ನೆಲ ನೋಡಿ.
ಸ್ವಲ್ಪ ಗಟ್ಟಿಯಾಗಿ, ಎಂದಳು.

ಈಗ ರೂಢಿಯಾಗಿದೆ.
ಕಾಂತಪ್ಪ ಪೂಜಾರಿ, ನಾಯಕ್, ಸಿಗ್ನಲ್ಸ್.
ಬಂಗುಡೆಯ ರೇಟು ಹೇಳಿದ ಹಾಗೆ ಹೇಳುತ್ತೇನೆ.

ತೊಂದರೆ ಅವರ ಹೆಸರಿನದಲ್ಲ, ನನ್ನದು.
ಆಧಾರಿನಲ್ಲಿ ನಾನು ಜಲಜಾಕ್ಷಿ,
ಬೀಡಿ ಬ್ರಾಂಚಿನ ಪುಸ್ತಕದಲ್ಲೂ ಜಲಜಾಕ್ಷಿ,
ಜಬಲ್ಪುರದ ದಫ್ತರದಲ್ಲಿ ಮಾತ್ರ
ನಾಯಕ್ ಕಾಂತಪ್ಪನ ಹೆಂಡತಿ ಅಪ್ಪಿ.
ಮದುವೆಯ ರಜೆ ಮುಗಿಸಿ ಹೋದವರು,
ಹೆಂಡತಿಯ ಹೆಸರೇನೆಂದು ಯಾರೋ ಸಾಹೇಬ ಕೇಳಿದ್ದಕ್ಕೆ
ತಾವು ಕರೆಯುವುದನ್ನೇ ಹೇಳಿಬಿಟ್ಟಿದ್ದಾರೆ, ಪುಣ್ಯಾತ್ಮ.
ಅಪ್ಪಿಗೆ ಪೆನ್ಶನ್ ಉಂಟು, ನಿಮಗಿಲ್ಲ,
ಎಂದರು ಬ್ಯಾಂಕಿನವರು.

ಬೆರಳು ಒತ್ತಿ ಎಂದರು ಒಂದು ಮಿಷನ್ನಿನ ಮೇಲೆ.
ಒತ್ತಿದೆ. ಕೆಂಪು ದೀಪ.
ಹತ್ತೂ ಬೆರಳು ಒತ್ತಿದೆ, ಹತ್ತು ಸಲ ಕೆಂಪು.
ದಿನಕ್ಕೆ ಎಂಟುನೂರು ಬೀಡಿ ಸುತ್ತಿದ ಕೈ,
ಗೆರೆಯೆಲ್ಲ ಎಲೆಗೆ ಅಂಟಿ ಹೋಗಿದೆ,
ಯಾರೋ ಎಲ್ಲೆಲ್ಲೋ ಕೂತು ಸೇದಿ ಮುಗಿಸಿದ್ದಾರೆ.
ಸೋಪು ಹಾಕಿ ತೊಳೆದು ಬನ್ನಿ ಎಂದ ಗುಮಾಸ್ತ.
ಪರಿಮಳ ಬಂತು, ಗೆರೆ ಬರಲಿಲ್ಲ.

ಮರುವರ್ಷ, ಫೈಲು ಅಲಹಾಬಾದಿಗೆ ಹೋಗಿದೆ ಎಂದರು.
ಬಸ್ಸಿನಲ್ಲಿ ಒಬ್ಬಳಿಗೇ ನಗು ಬಂತು.
ಅವರ ಬೂದಿ ಬಿಟ್ಟದ್ದು ಸಸಿಹಿತ್ಲಿನ ಅಳಿವೆಯಲ್ಲಿ,
ದೋಣಿಯವನಿಗೆ ಇನ್ನೂರು ರೂಪಾಯಿ.
ಪ್ರಯಾಗ ನಮ್ಮಂಥವರಿಗೆ ಎಲ್ಲಿಂದ?
ಈಗ ನೋಡಿ, ಕಾಗದವಾದರೂ ತ್ರಿವೇಣಿ ಕಂಡಿತು
ಸರಕಾರದ ಖರ್ಚಿನಲ್ಲಿ.
ಕಂಡು ತಿರುಗಿ ಬಂತು:
ಹೆಸರು ತಾಳೆಯಾಗುವುದಿಲ್ಲ.

ಅಫಿದಾವಿತ್ ಮಾಡಿಸಿ, ಇಬ್ಬರು ಸಾಕ್ಷಿ ಬೇಕು,
ಅಪ್ಪಿ ಎಂದರೆ ಇವಳೇ ಎಂದು ಬಲ್ಲವರು.
ತಾಯಿಮನೆಯಲ್ಲಿ ನಾನು ಜಲಜ. ಬ್ರಾಂಚಿನಲ್ಲಿ ಜಲಜಕ್ಕ.
ಅತ್ತೆಗೆ ಕೊನೆವರೆಗೂ 'ಇವಳು'.
ಅಪ್ಪಿ ಇದ್ದದ್ದು ಮೊದಲು ವರ್ಷಕ್ಕೆ ಎರಡು ತಿಂಗಳು, ರಜೆಯಲ್ಲಿ,
ಆಮೇಲೆ ರಾತ್ರಿ ಬಾಗಿಲು ಹಾಕಿದ ಮೇಲೆ,
ಇಲ್ಲವೇ ಬಚ್ಚಲಿನಿಂದ ಬೈರಾಸು ಕೇಳುವಾಗ.
ಅದಕ್ಕೆ ಯಾರನ್ನು ತರಲಿ ಸಾಕ್ಷಿ?

ಕಿನ್ನಿಗೋಳಿಯಿಂದ ಲಿಗೋರಿಯವರು ಬಂದರು,
ಲೇಹದಲ್ಲಿ ಇವರ ಜೊತೆಗಿದ್ದವರು.
ಕಾಲೆಳೆಯುತ್ತ ನೋಟರಿಯ ಮಹಡಿ ಹತ್ತಿದರು.
ನಿಮಗೆ ಹೇಗೆ ಗೊತ್ತು? ಕೇಳಿದರು ವಕೀಲರು.
ಕಾಂತಪ್ಪನಿಗೆ ಜ್ವರ ಏರಿದಾಗ ಮೂರು ರಾತ್ರಿ
ನನ್ನನ್ನೇ ಅಪ್ಪಿ ಅಂತ ಕರೆದ,
ನೀರು ಕುಡಿಸಿದ್ದು ನಾನು, ಎಂದರು ಲಿಗೋರಿ.
ಟೈಪಿನ ಹುಡುಗನ ಕೈ ನಿಂತಿತು.
ಅದನ್ನೆಲ್ಲ ಬರೆಯಲಿಕ್ಕಾಗುವುದಿಲ್ಲ, ಎಂದು
'ಬಹುಕಾಲದಿಂದ ಪರಿಚಿತರು' ಎಂದು ಬರೆಸಿದರು.
ಇನ್ನೊಂದು ಸಾಕ್ಷಿ ಕೆಳಗಿನ ಜೆರಾಕ್ಸಿನವನು,
ನೂರು ರೂಪಾಯಿಗೆ.

ಹೊರಗೆ ಬೆಂಚಿನಲ್ಲಿ ಕೂತಿದ್ದೆ.
ಸೀಲು ಬಿದ್ದ ಮೇಲೆ ಹುಡುಗ ಒಳಗಿನಿಂದ ಕೂಗಿದ,
ಕಾಗದದಲ್ಲಿ ಇದ್ದ ಹಾಗೆ: ಅಪ್ಪೀ...
'ಯಾನೆ' ಎನ್ನುವ ಮೊದಲೇ
ಓ, ಎಂದುಬಿಟ್ಟಿದ್ದೆ.
ಲಿಗೋರಿಯವರು ಕಿಟಕಿಯ ಕಡೆ ತಿರುಗಿದರು.

ಕಾಗದ ಹೋಗಿ ನಾಲ್ಕು ತಿಂಗಳಾಯಿತು.
ರಾತ್ರಿ ಬೆರಳಿಗೆ ತೆಂಗಿನೆಣ್ಣೆ ಹಚ್ಚಿ ಮಲಗುತ್ತೇನೆ.
ಬೀಡಿ ಬಿಟ್ಟರೆ ಗೆರೆ ಬಂದರೂ ಬರಬಹುದು
ಎಂದಿದ್ದಾನೆ ಗುಮಾಸ್ತ.
ಬೀಡಿ ಬಿಟ್ಟರೆ ಬಸ್ಸಿನ ಚಾರ್ಜಿಗೆ ಏನು ಮಾಡಲಿ,
ಅವನು ಹೇಳಲಿಲ್ಲ.