ಬೀಟ್‌ರೂಟ್ ಸಾರು

ವುಚ್ ನಗರದ ಮುಚ್ಚಿದ ಬಟ್ಟೆ ಗಿರಣಿಯಲ್ಲಿ ಶೂಟಿಂಗು.
ಊಟದ ಸಾಲಿಗೆ ಬಂದ ಜನರಲ್‌ಗೆ
ಬೊಗುಮಿಲಾ ಸೌಟೆತ್ತಲೇ ಇಲ್ಲ.

"ನಾನು ಝೆನೋನ್, ತಾಯಿ, ಬರೀ ನಟ.
ಎರಡು ತಿಂಗಳ ಬಾಡಿಗೆ ಬಾಕಿ."
"ಗೊತ್ತು. ಟೋಪಿ ತೆಗಿ."

ತೆಗೆದ. ಅಂಟಿಸಿದ ಮೀಸೆ ಉಳಿಯಿತು.
ಅಷ್ಟು ಸಾಕಾಯಿತು ಅವಳಿಗೆ:
ಮೆಟ್ಟಿಲ ಮೇಲೆ ಬೂಟು, ಹಿಮ,
ಅರ್ಧ ಹೆಣೆದ ಅಣ್ಣನ ಸ್ವೆಟರು.

ಹಿಂದಿದ್ದ ಕಾರ್ಮಿಕ ನಾಯಕನಿಗೋ
ಎರಡು ಸೌಟು, ಮೇಲೊಂದು ಮೊಟ್ಟೆ.
"ತಿನ್ನು ಮಗಾ, ಇವತ್ತು ನಿನ್ನ ಹಿಡಿಯುತ್ತಾರಂತೆ."

ಅವನಿಗೆ ಬೀಟ್‌ರೂಟ್ ಕಂಡರಾಗದು.
ಲಾರಿಯ ಮರೆಯಲ್ಲಿ
ಬಟ್ಟಲು ಕೈ ಬದಲಿಸಿತು.

ಮೂರಕ್ಕೆ ಟೇಕು.
"ಎಳೆದೊಯ್ಯಿರಿ ಇವನನ್ನು" ಅನ್ನಬೇಕು ಜನರಲ್.
ಏಳು ಸಲ ತೊದಲಿದ.
ಮೇಕಪ್ಪಿನ ಹುಡುಗಿ ಹತ್ತಿಯೊಂದಿಗೆ ಓಡಿಬಂದಳು:
ಮೀಸೆಯಂಚಿನಲ್ಲಿ ಕೆಂಪು.

"ಒರೆಸಬೇಡ," ಅಂದ ನಿರ್ದೇಶಕ,
"ಅದು ಇರಲಿ."